ಒಳಗೆ ಎಳೆದುಕೊಂಡ ಹೌದು

ಗ್ರಾನ್‌ಟ್ರೆಸ್ಕ್, 14 ಫೆಬ್ರವರಿ 1982

ಗೌರವಾನ್ವಿತ ಹೆಡ್ವಿಗ್ ಟೀಚರ್ ಅವರಿಗೆ,

ನಿಮ್ಮ ಸಂಜೆ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲದಕ್ಕೂ "ಯಾಕೆ?" ಎಂದು ಕೇಳುತ್ತಿದ್ದ ಉರುಗ್ವೆಯ ನೇಲಿದಾ ಬರೆಯುತ್ತಿದ್ದೇನೆ. ಲುಂಡ್ ಬಿಟ್ಟು ಉತ್ತರಕ್ಕೆ ಬಂದು ಮೂರು ವಾರವಾಯಿತು. ನಿಮಗೆ ಮಾತು ಕೊಟ್ಟಂತೆ ಸ್ವೀಡಿಷಿನಲ್ಲೇ ಬರೆಯುತ್ತಿದ್ದೇನೆ. ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿ.

ನನ್ನ ಕೆಲಸ ಪುಸ್ತಕದ ಬಸ್ಸಿನಲ್ಲಿ. ಬಸ್ಸಿನ ತುಂಬ ಪುಸ್ತಕ, ನಡುವೆ ನಾನು, ಮುಂದೆ ಚಾಲಕ ಹಿಲ್ಡಿಂಗ್. ಹಿಂದೆಲ್ಲ ಹಾಲಿನ ಕ್ಯಾನ್ ಇಡುತ್ತಿದ್ದ ಕಟ್ಟೆಗಳ ಪಕ್ಕ ನಿಲ್ಲಿಸಿ ಹಾರ್ನ್ ಹೊಡೆಯುತ್ತೇವೆ. ಜನ ಹಿಮ ಕೊಡವಿಕೊಂಡು ಹತ್ತುತ್ತಾರೆ, ತುಟಿ ಬಿಚ್ಚದೆ ಕೊಲೆ ಕಥೆಗಳನ್ನು ಚೀಲಕ್ಕೆ ತುಂಬಿಕೊಂಡು ಇಳಿಯುತ್ತಾರೆ. ಇಷ್ಟು ಸಾಧು ಜನಕ್ಕೆ ಅಷ್ಟೊಂದು ಹೆಣ ಯಾಕೆ ಬೇಕು ಟೀಚರ್?

ಇಲ್ಲಿಯ ಮೊದಲ ಭಾನುವಾರ, ಚರ್ಚ್ ಎಷ್ಟು ದೂರ ಎಂದು ಮನೆಯೊಡತಿಯನ್ನು ಕೇಳಿದೆ. "ಒಂದ್ ಮೈಲಿ ಅಷ್ಟೇ" ಎಂದರು. ಒಳ್ಳೆಯ ಬೂಟು ಹಾಕಿಕೊಂಡು ಹೊರಟೆ. ಅರ್ಧ ಬೆಳಗು ನಡೆದರೂ ಕಾಡು ಬಿಟ್ಟರೆ ಬೇರೇನೂ ಇಲ್ಲ. ಹಿಂದಿನಿಂದ ಹಿಲ್ಡಿಂಗ್ ತಮ್ಮ ಕಾರಿನಲ್ಲಿ ಬಂದು, "ಓಡಿಹೋಗ್ತಿದೀಯಾ?" ಎಂದು ಕೇಳಿದರು. ಸ್ವೀಡನ್ನಿನ ಒಂದು ಮೈಲಿ ಎಂದರೆ ಹತ್ತು ಕಿಲೋಮೀಟರ್ ಎಂದು ಆಗ ಗೊತ್ತಾಯಿತು. ನಿಮ್ಮ ಪುಸ್ತಕದಲ್ಲಿ ಇದು ಯಾಕಿಲ್ಲ?

ಹಿಲ್ಡಿಂಗ್ ಒಳ್ಳೆಯವರು. ಒಂದೇ ಕಷ್ಟ, ನಾನು ಏನು ಕೇಳಿದರೂ ಬೆಚ್ಚಿಬೀಳುತ್ತಾರೆ. "ಕಾಫಿ ಕುಡಿಯೋಣವಾ?" ಎಂದರೆ ಬೆಚ್ಚುತ್ತಾರೆ. "ಇವತ್ತು ಚಳಿ ಜಾಸ್ತಿ ಅಲ್ವಾ?" ಎಂದರೂ ಬೆಚ್ಚುತ್ತಾರೆ. ಉತ್ತರ ಬರುವುದಿಲ್ಲ, ಕಾಫಿ ಮಾತ್ರ ಬರುತ್ತದೆ. ಇಲ್ಲಿಯವರ ರೂಢಿಯಂತೆ ಅದರೊಳಗೆ ಚೀಸಿನ ತುಂಡು! ಮೊದಲ ದಿನ ಏನೋ ಬಿದ್ದಿದೆ ಎಂದು ಎತ್ತಿ ಹೊರಗೆಸೆದೆ. ಅವರ ಮುಖ ನೋಡಬೇಕಿತ್ತು.

ಕೆಲಸ ಆಗಸ್ಟ್ ಕೊನೆಯವರೆಗೆ ಮಾತ್ರ, ಆಮೇಲಿನದು ಆಮೇಲೆ ಎಂದಿದ್ದಾರೆ. ನಮ್ಮ ದೇಶ ಬಿಟ್ಟ ಮೇಲೆ ಇದು ನನಗೆ ಐದನೆಯ ಊರು. ಇನ್ನೊಂದು ಸಲ ಗಂಟುಮೂಟೆ ಕಟ್ಟುವ ಆಸೆ ನನಗಿಲ್ಲ.

ನಿಮ್ಮ ವಿದ್ಯಾರ್ಥಿನಿ,
ನೇಲಿದಾ ಬೆಂತಂಕೋರ್

---

ಲುಂಡ್, 26 ಫೆಬ್ರವರಿ 1982

ಪ್ರಿಯ ನೇಲಿದಾ,

"ಗೌರವಾನ್ವಿತ", "ಅವರಿಗೆ", "ನೀವು"! ಇಡೀ ವರ್ಷ ನಾನು ಕಲಿಸಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ. ಈ ದೇಶದಲ್ಲಿ ವೈದ್ಯನಿಗೂ ನೀನು, ಪಾದ್ರಿಗೂ ನೀನು, ನನಗೂ ನೀನು. ರಾಜನೊಬ್ಬನನ್ನು ಬಿಟ್ಟುಬಿಡು. ನನ್ನನ್ನು ಹೆಡ್ವಿಗ್ ಎಂದು ಕರೆ.

ಮೈಲಿಯ ವಿಷಯ ಮೂರನೆಯ ಪಾಠದಲ್ಲೇ ಇದೆ. ಆ ದಿನ ನೀನು ತರಗತಿಗೆ ಬಂದಿರಲಿಲ್ಲ. ಹಾಜರಿ ನನಗೆ ನೆನಪಿರುತ್ತದೆ.

ಪತ್ರ ತಿದ್ದಿ ಇದರ ಜೊತೆಗಿಟ್ಟಿದ್ದೇನೆ. "ಬೆಚ್ಚಿಬೀಳುತ್ತಾರೆ" ಎಂಬಲ್ಲಿ ಕಾಗುಣಿತ ತಪ್ಪು, ಪದ ಸರಿ. ಅದಕ್ಕೆ ಕಾರಣವನ್ನೂ ಹೇಳುತ್ತೇನೆ ಕೇಳು. ಉತ್ತರದವರು ಕಾಡಿನ ಜನ. ವಾರಗಟ್ಟಲೆ ಮರ, ಮಂಜು, ನಾಯಿ ಬಿಟ್ಟರೆ ಯಾರನ್ನೂ ನೋಡದೆ ಬೆಳೆದವರು. ಅಂಥವರ ಮುಖಕ್ಕೆ ನೇರವಾಗಿ ಪ್ರಶ್ನೆ ಎಸೆದರೆ ಬೆಚ್ಚದೆ ಇನ್ನೇನು ಮಾಡುತ್ತಾರೆ? ನೀನು ಪ್ರಶ್ನೆಗಳನ್ನು ಕಡಿಮೆ ಮಾಡು. ಸುಮ್ಮನೆ ಪಕ್ಕದಲ್ಲಿ ಕೂತಿರು. ಸ್ವೀಡಿಷರಲ್ಲಿ ಅದೇ ಸ್ನೇಹ.

ನನ್ನ ಹೊಸ ಪುಸ್ತಕ ಅರ್ಧವಾಗಿದೆ. ನಮ್ಮ ಮಾತು, ನಮ್ಮ ನೆಲ, ನಮ್ಮ ನಡೆನುಡಿ, ಎಲ್ಲ ಹೊರಗಿನಿಂದ ಬಂದವರಿಗಾಗಿ. ಒಪ್ಪಿಗೆಯ ಮಾತುಗಳಿಗೇ ಒಂದು ಅಧ್ಯಾಯ ಬರೆದೆ. ಸಾದಾ ಹೌದಿಗೆ "ಯಾ", ಇಲ್ಲ ಎಂದವರಿಗೆ ಎದುರು ಹೇಳುವ ಹೌದಿಗೆ "ಯೂ", ಇನ್ನೂ ಏನೇನೋ. ಒಂದನ್ನೂ ಬಿಟ್ಟಿಲ್ಲ. ಉತ್ತರದ ಬಗ್ಗೆ ಮಾತ್ರ ನನಗೆ ತಿಳಿದದ್ದು ಕಡಿಮೆ. ಒಮ್ಮೆ ರೈಲಿನಲ್ಲಿ ಹೋದೆ, ಸೊಳ್ಳೆ ನೋಡಿ ವಾಪಸು ಬಂದೆ. ನೀನು ನೋಡಿದ್ದನ್ನೆಲ್ಲ ಬರೆದು ಕಳಿಸು.

ಮಹಡಿಯ ಕೋಣೆಗೆ ಸುಮ್ಮನೆ ಹಳದಿ ಬಣ್ಣ ಹೊಡೆಸಿದೆ. ಖಾಲಿಯೇ ಇದೆ. ಇದು ಸುಮ್ಮನೆ ತಿಳಿಸಿದ್ದು.

ಹೆಡ್ವಿಗ್

---

ಗ್ರಾನ್‌ಟ್ರೆಸ್ಕ್, 18 ಏಪ್ರಿಲ್ 1982

ಪ್ರಿಯ ಹೆಡ್ವಿಗ್ ಟೀಚರ್,

ಇಷ್ಟರಮಟ್ಟಿಗೆ ಇಳಿದಿದ್ದೇನೆ, ಇನ್ನೂ ಕೆಳಗೆ ಇಳಿಸಬೇಡಿ. ನಮ್ಮಮ್ಮ ಬದುಕಿದ್ದರೆ, ಕಲಿಸಿದವರನ್ನು ನೀನು ಎಂದದ್ದಕ್ಕೆ ನನ್ನ ಕಿವಿ ಹಿಂಡುತ್ತಿದ್ದಳು.

ನೀವು ಹೇಳಿದಂತೆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದೆ. ನನ್ನ ನಾಲಿಗೆ ಉಪವಾಸ ಬಿದ್ದಿದೆ. ಬಸ್ಸಿನಲ್ಲಿ ಈಗ ಹೀಟರ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹಿಲ್ಡಿಂಗ್ ಎರಡು ವಾರ ಸುಮ್ಮನಿದ್ದು, ಮೊನ್ನೆ ಬಸ್ಸನ್ನು ರಸ್ತೆಯಂಚಿಗೆ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಹುಷಾರಿಲ್ವಾ?"

"ಚೆನ್ನಾಗೇ ಇದೀನಿ."

"ಮತ್ತೆ ಏನೂ ಕೇಳ್ತಾನೇ ಇಲ್ಲ?"

ನಾನು ಏನು ಹೇಳಲಿ? ಮಾತಾಡಿದರೆ ಬೆಚ್ಚುತ್ತಾರೆ, ಸುಮ್ಮನಿದ್ದರೆ ಬಸ್ಸನ್ನೇ ನಿಲ್ಲಿಸುತ್ತಾರೆ. ಅದಕ್ಕೇ ಕೇಳಿಬಿಟ್ಟೆ, "ನಾನು ಪ್ರಶ್ನೆ ಕೇಳೋದು ನಿಮಗೆ ಇಷ್ಟಾನಾ?" ಅವರು ಬೆಚ್ಚಿದರು! ಆಮೇಲೆ ಸಿಳ್ಳೆ ಹಾಕುತ್ತಾ ಬಸ್ ಓಡಿಸಿದರು. ಈ ಮನುಷ್ಯ ನನಗೆ ಅರ್ಥವಾಗುವುದಿಲ್ಲ, ಆದರೆ ಅರ್ಥ ಮಾಡಿಕೊಳ್ಳಬೇಕೆಂಬ ಆಸೆ ದಿನದಿನಕ್ಕೆ ಹೆಚ್ಚುತ್ತಿದೆ.

ಕೆರೆಗಳ ಮೇಲೆ ಹಿಮ ಇನ್ನೂ ಇದೆ. ಜನ ಜಿಂಕೆಯ ಚರ್ಮ ಹಾಸಿಕೊಂಡು, ಮಂಜುಗಡ್ಡೆಗೆ ತೂತು ಕೊರೆದು, ಗಾಳ ಬಿಟ್ಟು ಮಲಗಿರುತ್ತಾರೆ. ನಾನೂ ಮಲಗಿದೆ. ತೂತಿನೊಳಗೆ ಇಣುಕಿದರೆ ಹಸಿರು ನೀರು, ಅದರ ಕೆಳಗೆ ಇನ್ನೂ ಹಸಿರು ನೀರು. ಮೀನು ಸಿಗಲಿಲ್ಲ, ಮೂಗು ಮಾತ್ರ ಸುಟ್ಟಿತು. ಮನೆಗೆ ಬರುವಾಗ, ಈ ಊರಲ್ಲೇ ಇದ್ದುಬಿಟ್ಟರೆ ಏನು ಎಂದು ಮೊದಲ ಸಲ ಅನ್ನಿಸಿತು.

ನೇಲಿದಾ

---

ಲುಂಡ್, 9 ಮೇ 1982

ಪ್ರಿಯ ನೇಲಿದಾ,

ಕಿವಿ ಹಿಂಡುವ ಅಮ್ಮನ ಬಗ್ಗೆ ಓದಿ ನಕ್ಕೆ. ಆದರೂ "ಟೀಚರ್" ಎಂಬುದನ್ನು ಕೆಂಪಿನಲ್ಲಿ ಹೊಡೆದುಹಾಕಿದ್ದೇನೆ.

ಹಿಲ್ಡಿಂಗ್‌ನಿಗೆ ವಯಸ್ಸೆಷ್ಟು? ಮದುವೆಯಾಗಿದೆಯೋ? ಪುಸ್ತಕಕ್ಕಾಗಿ ಕೇಳಿದೆ ಅಷ್ಟೆ.

ಇಲ್ಲಿ ಬೀಚ್ ಮರಗಳು ಚಿಗುರಿವೆ. ಇಡೀ ಊರು ಬುಟ್ಟಿ ಹಿಡಿದು ಕಾಡಿಗೆ ಹೋಗುತ್ತದೆ. ನಾನು ಒಬ್ಬಳೇ ಹೋಗಿ, ಒಬ್ಬಳೇ ಕಾಫಿ ಕುಡಿದು ಬಂದೆ. ಫ್ಲಾಸ್ಕಿನಲ್ಲಿ ಅರ್ಧ ಉಳಿಯಿತು.

ಒಂದು ಕೆಲಸ ಮಾಡಿಕೊಡು. ನೆಲದ ಅಧ್ಯಾಯಕ್ಕೆ ನಿಮ್ಮ ಜೌಗಿನಲ್ಲಿ ಬೆಳೆಯುವ ಹಳದಿ ಹಣ್ಣು, ಯೂಟ್ರೋನ್, ಬೇಕು. ಅದು ಎಂಥ ಜಾಗದಲ್ಲಿ ಬೆಳೆಯುತ್ತದೆ ಎಂದು ಹಿಲ್ಡಿಂಗ್‌ನನ್ನು ಕೇಳಿ, ದಾರಿಯ ಸಮೇತ ಒಂದು ಚಿಕ್ಕ ನಕ್ಷೆ ಬರೆದು ಕಳಿಸು. ನಮ್ಮ ದೇಶದ ಕಾಡಿನಲ್ಲಿ ಯಾರು ಬೇಕಾದರೂ ತಿರುಗಬಹುದು, ಹಣ್ಣು ಕಿತ್ತುಕೊಳ್ಳಬಹುದು. ಅದನ್ನು ನನ್ನ ಓದುಗರು ತಿಳಿಯಲಿ.

ಆಗಸ್ಟಿನ ನಂತರ ಏನು? ಅವರು ಕಾಯಂ ಮಾಡುತ್ತಾರೋ ಇಲ್ಲವೋ? ಯಾರ ಕಾಲೂ ಹಿಡಿಯಬೇಡ. ಹಳದಿ ಕೋಣೆಗೆ ಬೆಳಿಗ್ಗೆ ಒಳ್ಳೆಯ ಬಿಸಿಲು ಬರುತ್ತದೆ.

ಹೆಡ್ವಿಗ್

---

ಗ್ರಾನ್‌ಟ್ರೆಸ್ಕ್, 23 ಜೂನ್ 1982

ಪ್ರಿಯ ಹೆಡ್ವಿಗ್ ಟೀಚರ್,

ಇದು ಸಂತೋಷದ ಪತ್ರವಲ್ಲ.

ಮೊದಲು ನಿಮ್ಮ ಹಣ್ಣಿನ ಕಥೆ. ಬಸ್ಸು ಕಟ್ಟೆಯ ಬಳಿ ನಿಂತಿತ್ತು, ಒಳಗೆ ನಾಲ್ಕಾರು ಜನರಿದ್ದರು. ನಾನು ಗಟ್ಟಿಯಾಗಿ, "ಹಿಲ್ಡಿಂಗ್, ನೀವು ಯೂಟ್ರೋನ್ ಕೀಳೋ ಜೌಗು ಎಲ್ಲಿದೆ?" ಎಂದೆ. ಒಬ್ಬ ಮುದುಕ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಓದತೊಡಗಿದ. ಎಬ್ಬಾ ಎಂಬ ಅಜ್ಜಿ ನನ್ನ ತೋಳು ಹಿಡಿದು ಕೆಳಗಿಳಿಸಿ, ಕಿವಿಯಲ್ಲಿ ಹೇಳಿದರು: "ಅಲ್ಲ ಕಣಮ್ಮ, ಅದನ್ನ ಕೇಳ್ತಾರೇನೇ? ನಮ್ಮಪ್ಪ ಸಾಯೋ ಹಿಂದಿನ ದಿನ ನಂಗೆ ಹೇಳಿದ್ದು. ನನ್ ಗಂಡಂಗೆ ನಾನಿನ್ನೂ ಹೇಳಿಲ್ಲ." ಕಾಡು ಎಲ್ಲರದು ಎಂದು ನೀವು ಬರೆದಿರಿ. ಜೌಗು ಎಲ್ಲರದಲ್ಲ ಟೀಚರ್.

ಇದಾದರೆ ನಗಬಹುದಿತ್ತು. ನಗಲಾರದ್ದು ಮುಂದಿನದು. ಪಟ್ಟಣದ ಗ್ರಂಥಾಲಯದ ಮುಖ್ಯಸ್ಥರು ನನ್ನನ್ನು ಕರೆದು, "ಬಸ್ಸಲ್ಲಿ ಇರೋದು ನೀವಿಬ್ಬರೇ. ಹಿಲ್ಡಿಂಗ್‌ಗೆ ಒಪ್ಪಿಗೆ ಆದ್ರೆ ನಿನ್ನ ಕೆಲಸ ಕಾಯಂ. ನೀವೇ ಮಾತಾಡ್ಕೊಂಡು ಹೇಳಿ" ಎಂದರು. ಮೂರು ದಿನ ವಾಕ್ಯ ಜೋಡಿಸಿದೆ. ಬೇಸಿಗೆ ರಜೆಗೆ ಮುಂಚಿನ ಕೊನೆಯ ಸುತ್ತು ಮುಗಿಸಿ ವಾಪಸು ಬರುವಾಗ ಕೇಳಿದೆ: "ಹಿಲ್ಡಿಂಗ್, ನಾನು ಈ ಬಸ್ಸಲ್ಲೇ ಇರಬೇಕು ಅಂತ ನಿಮಗೆ ಇಷ್ಟ ಇದೆಯಾ?"

ಯಾವತ್ತಿಗಿಂತ ಜೋರಾಗಿ ಬೆಚ್ಚಿದರು. ಕಾದ ಚಮಚ ತುಟಿಗೆ ತಾಗಿದವರ ಹಾಗೆ. "ಶ್ಯುಪ್" ಎಂದು ಉಸಿರು ಒಳಗೆ ಎಳೆದುಕೊಂಡರು, ಕಣ್ಣು ರಸ್ತೆಯ ಮೇಲೆ. ಅಷ್ಟೇ. ನನ್ನ ಮನೆಯ ಮುಂದೆ ಇಳಿಸಿ, "ಆಗಸ್ಟಲ್ಲಿ ನೋಡೋಣ" ಎಂದು ಹೊರಟುಹೋದರು.

ಮೌನ ಸಮ್ಮತಿಯ ಲಕ್ಷಣ ಎಂದು ಹೇಳಿದವರು ಈ ಬಸ್ಸು ಹತ್ತಿಲ್ಲ. ಬೇಡ ಎಂದು ಬಾಯಿಬಿಟ್ಟು ಹೇಳಿದ್ದರೂ ಇಷ್ಟು ನೋಯುತ್ತಿರಲಿಲ್ಲ. ನಾನು ಇರುವುದೆಂದರೆ ಅವರಿಗೆ ಅಷ್ಟು ಗಾಬರಿಯೇ? ಮರುದಿನವೇ, ನನಗೆ ಕೆಲಸ ಬೇಡ ಎಂದು ಕಚೇರಿಗೆ ಬರೆದು ಹಾಕಿದೆ.

ಹಳದಿ ಕೋಣೆ ಇನ್ನೂ ಖಾಲಿ ಇದೆಯೇ? ಆಗಸ್ಟ್ ಕೊನೆಯಲ್ಲಿ ರೈಲು ಹತ್ತುತ್ತೇನೆ.

ನೇಲಿದಾ

---

ಲುಂಡ್, 29 ಜೂನ್ 1982

ಪ್ರಿಯ ನೇಲಿದಾ,

ಖಾಲಿ ಇದೆ! ಬಾ! ಪರದೆ ಹೊಲಿಸಲು ಕೊಟ್ಟಿದ್ದೇನೆ. ನಿನ್ನ ಆ ಕಹಿ ಸೊಪ್ಪಿನ ಚಹಾ, ಲೋಹದ ಕೊಳವೆಯಲ್ಲಿ ಹೀರುತ್ತೀಯಲ್ಲ, ಅದು ಇಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ವಿಚಾರಿಸಿಟ್ಟಿದ್ದೇನೆ.

ಆ ಚಾಲಕನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಮಾತಿಗೆ ಮಾತು ಕೊಡಲಾಗದವನು ಪುಸ್ತಕದ ಬಸ್ಸು ಓಡಿಸಿದರೇನು, ಕಟ್ಟಿಗೆಯ ಲಾರಿ ಓಡಿಸಿದರೇನು. ನನ್ನ ತಂಗಿ ಸಿಗ್ನೆ ಮುಂದಿನ ವಾರ ಬರುತ್ತಾಳೆ. ಅವಳನ್ನು ಸೇರಿಸಿಕೊಂಡು ಮಂಚ ಸರಿಸುತ್ತೇನೆ.

ಹೆಡ್ವಿಗ್

---

ಲುಂಡ್, 7 ಜುಲೈ 1982
(ತುರ್ತು ಅಂಚೆ)

ನೇಲಿದಾ,

ಇದನ್ನು ನಿಂತಲ್ಲೇ ಓದು.

ನಿನ್ನೆ ಮಂಚ ಸರಿಸಿ ಇಬ್ಬರೂ ಕಾಫಿಗೆ ಕೂತೆವು. ನಿನ್ನ ಕಥೆ ಸಿಗ್ನೆಗೆ ಓದಿ ಹೇಳಿದೆ. "ಶ್ಯುಪ್" ಬಂದಾಗ, ಹೇಗಿರುತ್ತದೋ ನೋಡೋಣ ಎಂದು ನಾನೂ ಉಸಿರು ಒಳಗೆ ಎಳೆದುಕೊಂಡು ಓದಿದೆ. ಸಿಗ್ನೆ ಬಟ್ಟಲು ಕೆಳಗಿಟ್ಟಳು.

"ಇನ್ನೊಂದ್ಸಲ ಮಾಡು."

ಮಾಡಿದೆ.

"ಅಯ್ಯೋ ನಿನ್ನ! ಅದು ಹೌದು ಕಣೇ. ಉತ್ತರದವರ ಹೌದು, ನಾನು ಅಲ್ಲಿ ಕೆಲಸ ಮಾಡ್ತಿದ್ದಾಗ ದಿನಾ ಕೇಳ್ತಿದ್ದೆ. ಬೆಚ್ಚೋದಂತೆ! ಇದನ್ನ ಪುಸ್ತಕ ಬರೆಯೋಳಿಗೆ ನಾನು ಹೇಳಿಕೊಡಬೇಕಾ?"

ನಾನು ವಾದಿಸಿದೆ. ಹೌದು ಎಂಬುದಕ್ಕೆ ಒಂದು ಅಧ್ಯಾಯವನ್ನೇ ಬರೆದಿದ್ದೇನೆ, ಅದರಲ್ಲಿ ಇದಿಲ್ಲ ಎಂದೆ. ಅವಳು ನಗುತ್ತಾ, "ಸರಿ, ಇನ್ನೂ ಕಾಫಿ ಬೇಕಾ?" ಎಂದು ಕೇಳಿದಳು. ನಾನು "ಯಾ" ಎಂದೆ. ಹೇಗೆ ಎಂದೆ ಗೊತ್ತೇ? ಉಸಿರನ್ನು ಒಳಗೆ ಎಳೆದುಕೊಳ್ಳುತ್ತಾ! ಅರವತ್ತೆಂಟು ವರ್ಷದಿಂದ ನಾನೂ ನನ್ನ ಹೌದುಗಳಲ್ಲಿ ಅರ್ಧದಷ್ಟನ್ನು ಒಳಮುಖವಾಗಿಯೇ ಹೇಳುತ್ತಿದ್ದೇನಂತೆ. ಉತ್ತರದವರು ಅದರೊಳಗಿನ ಮಾತನ್ನೂ ನುಂಗಿ, ಬರೀ ಗಾಳಿ ಉಳಿಸಿಕೊಂಡಿದ್ದಾರೆ, ಅಷ್ಟೇ ವ್ಯತ್ಯಾಸ. ತನ್ನ ಬೆನ್ನು ತನಗೆ ಕಾಣದು ಎನ್ನುವುದು ಇದಕ್ಕೇ. ನೀನು "ಬೆಚ್ಚಿಬೀಳುತ್ತಾರೆ" ಎಂದು ಬರೆದಾಗ ನಾನು ಕಾಗುಣಿತ ತಿದ್ದಿದೆ, ಪದವೇ ತಪ್ಪಿರಬಹುದೆಂದು ಯೋಚಿಸಲಿಲ್ಲ.

ಅವನು ಕಾಫಿಗೆ ಹೌದು ಎಂದ. ಚಳಿಗೆ ಹೌದು ಎಂದ. ನಿನ್ನ ಪ್ರಶ್ನೆಗಳು ಇಷ್ಟವೇ ಎಂದಾಗ ಹೌದು ಎಂದು ಸಿಳ್ಳೆ ಹಾಕಿದ. ಬಸ್ಸಿನಲ್ಲೇ ಇರಬೇಕೇ ಎಂದಾಗ ಯಾವತ್ತಿಗಿಂತ ಜೋರಾಗಿ ಹೌದು ಎಂದ!

ಈಗ ನನ್ನ ಮನಸ್ಸಿನಲ್ಲಿರುವುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಬಾಯಿಬಿಡದವರಿಂದ ಈಗಾಗಲೇ ಸಾಕಷ್ಟು ಕೆಟ್ಟಿದೆ. ನೀನು ಇಲ್ಲಿಗೆ ಬರಬೇಕೆಂದು ನನಗೆ ಬಹಳ ಆಸೆಯಿತ್ತು. ಈ ಮನೆ ನನಗೊಬ್ಬಳಿಗೆ ದೊಡ್ಡದು. ರಾತ್ರಿಯೆಲ್ಲ ಕೂತು, ಈ ಪತ್ರವನ್ನು ಒಂದು ವಾರ ತಡವಾಗಿ ಹಾಕಿದರೆ ಯಾರಿಗೆ ತಿಳಿಯುತ್ತದೆ ಎಂದು ಯೋಚಿಸಿದ್ದೂ ನಿಜ. ಬೆಳಿಗ್ಗೆ ಅಂಚೆ ಕಚೇರಿಯ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತೆ.

ಹೋಗಿ ಅವನನ್ನು ಹುಡುಕು. ಕಚೇರಿಗೆ ಬರೆದದ್ದನ್ನು ವಾಪಸು ತೆಗೆದುಕೋ.

ಹೆಡ್ವಿಗ್

---

ಲುಂಡ್, 2 ಆಗಸ್ಟ್ 1982

ಪ್ರಿಯ ನೇಲಿದಾ,

ನಿನ್ನಿಂದ ಒಂದು ಸಾಲೂ ಇಲ್ಲ. ನನ್ನ ಪತ್ರ ಸಿಕ್ಕಿತೋ ಇಲ್ಲವೋ? ಸಿಕ್ಕಿಯೂ ತಡವಾಯಿತೋ? ಅಥವಾ ನನ್ನ ಮೇಲೆ ಕೋಪವೋ? ಕೋಪವಾದರೆ ಬರೆದು ಬಯ್ಯಿ, ಕಾಗುಣಿತ ತಿದ್ದುವುದಿಲ್ಲ.

ಪುಸ್ತಕದ ಆ ಅಧ್ಯಾಯವನ್ನು ಹರಿದುಹಾಕಿದ್ದೇನೆ. ಹೊಸದಾಗಿ ಬರೆಯಬೇಕು. ಆದರೆ ಉಸಿರನ್ನು ಅಕ್ಷರದಲ್ಲಿ ಹೇಗೆ ಬರೆಯುವುದು? ದಿನವೆಲ್ಲ ಅಡುಗೆಮನೆಯಲ್ಲಿ ಒಬ್ಬಳೇ ಶ್ಯುಪ್, ಶ್ಯುಪ್ ಎನ್ನುತ್ತಾ ಓಡಾಡುತ್ತೇನೆ. ಪಕ್ಕದ ಮನೆಯವರು ಬಂದು, ಉಬ್ಬಸವೇ ಎಂದು ಕೇಳಿದರು.

ಎರಡೇ ಪ್ರಶ್ನೆ. ಒಂದು, ಯೂಟ್ರೋನ್ ನಕ್ಷೆ ಏನಾಯಿತು? ಎರಡು, ನೀನು ಅಲ್ಲೇ ಉಳಿಯುವುದಾದರೆ ಕ್ರಿಸ್‌ಮಸ್‌ಗಾದರೂ ಹಳದಿ ಕೋಣೆಗೆ ಬರುತ್ತೀಯಾ?

ಹೆಡ್ವಿಗ್

---

ಗ್ರಾನ್‌ಟ್ರೆಸ್ಕ್, 15 ಆಗಸ್ಟ್ 1982

ಪ್ರಿಯ ಹೆಡ್ವಿಗ್,

ನಿನ್ನ ಮೇಲೆ ಕೋಪವೇ? ನೀನು ಎಂದು ಬರೆದಿದ್ದೇನೆ, ಗಮನಿಸಿದೆಯಾ? ಇಂಥ ಪತ್ರ ಬರೆದವಳನ್ನು ನೀವು ಎನ್ನಲು ನನಗೆ ಆಗುವುದಿಲ್ಲ. ಅಮ್ಮ ಬೇಕಾದರೆ ಕಿವಿ ಹಿಂಡಲಿ.

ಕಚೇರಿಯವರೆಲ್ಲ ಜುಲೈ ಪೂರ್ತಿ ರಜೆಯಲ್ಲಿದ್ದರು. ಅವರು ಬಂದು ನನ್ನ ಕಾಗದವನ್ನು ವಾಪಸು ಕೊಡುವ ತನಕ ನಿನಗೆ ಬರೆಯಬಾರದು, ಸುಳ್ಳು ಆಸೆ ಹುಟ್ಟಿಸಬಾರದು ಎಂದು ಹಟ ಹಿಡಿದೆ. ನಿನ್ನೆ ಕೊಟ್ಟರು. ಕೆಲಸ ಕಾಯಂ ಆಯಿತು.

ನಿನ್ನ ತುರ್ತು ಪತ್ರ ಬಂದ ದಿನ ಹಿಲ್ಡಿಂಗ್ ಊರಲ್ಲಿರಲಿಲ್ಲ, ಕೆರೆಯ ಬಳಿಯ ಗುಡಿಸಲಿನಲ್ಲಿದ್ದ. ಒಂದೂವರೆ ಮೈಲಿ. ಈ ಸಲ ಮೈಲಿ ಎಂದರೆ ಎಷ್ಟು ಎಂದು ತಿಳಿದೇ ಸೈಕಲ್ ಹತ್ತಿದೆ. ಸೊಳ್ಳೆಗಳಿಗೆ ಹಬ್ಬವಾಯಿತು. ನಾನು ತಲುಪಿದಾಗ ಅವನು ಮೀನು ಸೀಳುತ್ತಿದ್ದ. ದಣಿವಾರಿಸಿಕೊಳ್ಳದೆ ಕೇಳಿಬಿಟ್ಟೆ.

"ಜೂನ್‌ನಲ್ಲಿ ಬಸ್ಸಲ್ಲಿ ಒಂದು ಮಾತು ಕೇಳಿದ್ನಲ್ಲ, ನೀನು ಏನಂದೆ?"

"ಹೌದು ಅಂದೆ."

"ಯಾವಾಗ ಅಂದೆ?"

"ಕೇಳಿದಾಗ್ಲೇ." ಚಾಕು ಕೆಳಗಿಟ್ಟ. "ಫೆಬ್ರವರಿಯಿಂದ ಎಲ್ಲದಕ್ಕೂ ಹೌದು ಅಂತಾನೇ ಇದೀನಿ. ನೀನು ಒಂದನ್ನೇ ಮತ್ತೆ ಮತ್ತೆ ಕೇಳ್ತೀಯ. ನಿಂಗೆ ಕಿವಿ ಸ್ವಲ್ಪ ಮಂದ ಅಂದ್ಕೊಂಡಿದ್ದೆ. ಪಾಪ, ಹೇಳೋದು ಹೇಗೆ ಅಂತ ಸುಮ್ನಿದ್ದೆ."

ನಾನು ಅಲ್ಲೇ ದೋಣಿಯ ಮೇಲೆ ಕೂತು ಅತ್ತೆ, ಆಮೇಲೆ ನಕ್ಕೆ. ಕೆಲಸ ಬೇಡ ಎಂದು ಬರೆದದ್ದನ್ನು ಹೇಳಿದೆ. ಅವನ ಮುಖ ಬಿಳುಚಿತು. ಆಗ ಅವನು ನಿಜವಾಗಿ ಬೆಚ್ಚಿದ, ಹೆಡ್ವಿಗ್. ಬೆಚ್ಚುವುದು ಎಂದರೆ ಏನೆಂದು ಈಗ ನೋಡಿದೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅವನು ಅಂಗಿ ಬದಲಿಸಿ, ಕಾರು ತೆಗೆದು, ರಜೆಯಲ್ಲಿದ್ದ ಮುಖ್ಯಸ್ಥರನ್ನು ಹುಡುಕಿಕೊಂಡು ಅವರ ಬೇಸಿಗೆ ಮನೆಗೇ ಹೋದ. ಅಲ್ಲಿ ಏನು ಮಾತಾಡಿದನೋ ಗೊತ್ತಿಲ್ಲ. ಮುಖ್ಯಸ್ಥರು ನಿನ್ನೆ ನನಗೆ ಹೇಳಿದರು: "ಹಿಲ್ಡಿಂಗ್ ಬಾಯಲ್ಲಿ ಅಷ್ಟು ಮಾತು ಇಪ್ಪತ್ತು ವರ್ಷದಲ್ಲಿ ಕೇಳಿರಲಿಲ್ಲ."

ಅವನಿಗೆ ಐವತ್ತೇಳು. ಮದುವೆಯಾಗಿಲ್ಲ. ಪುಸ್ತಕಕ್ಕಾಗಿ ಹೇಳಿದೆ ಅಷ್ಟೆ.

ಇನ್ನು ನಿನ್ನ ಮೊದಲ ಪ್ರಶ್ನೆ. ಹೋದ ಭಾನುವಾರ ಬೆಳಿಗ್ಗೆ ಅವನು ಎರಡು ಬಕೆಟ್ ಹಿಡಿದು ನನ್ನ ಬಾಗಿಲಿಗೆ ಬಂದ. "ಬೂಟ್ ಹಾಕ್ಕೋ" ಎಂದ. ದಾರಿಯಲ್ಲಿ ಮೂರು ಕಡೆ ಕಾರು ನಿಲ್ಲಿಸಿ, ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದ. ಆಮೇಲೆ ನಡೆದೆವು. ಮರಗಳು ಮುಗಿದ ಕಡೆ ಜೌಗು ಬಿಚ್ಚಿಕೊಂಡಿತು, ಹೆಜ್ಜೆ ಇಟ್ಟಲ್ಲೆಲ್ಲ ನೆಲ ಒತ್ತಿಕೊಂಡು ಮೇಲೇಳುತ್ತಿತ್ತು, ಕಣ್ಣು ಹೋದಷ್ಟು ದೂರ ಹಳದಿ ಹಣ್ಣು. ಹಿಲ್ಡಿಂಗ್, "ಅಪ್ಪ ನಂಗೆ ತೋರಿಸಿದ್ದು. ನಾನು ಇನ್ಯಾರಿಗೂ ತೋರಿಸಿರ್ಲಿಲ್ಲ" ಎಂದ. ನಾಲ್ಕು ಊರು ಸುತ್ತಿದ ಮೇಲೆ ಈ ಐದನೆಯ ಊರು ನನ್ನನ್ನು ಒಳಗೆ ಕರೆದುಕೊಂಡಿತು.

ನಕ್ಷೆಯನ್ನು ಮಾತ್ರ ಕೇಳಬೇಡ, ಹೆಡ್ವಿಗ್. ಎಡಕ್ಕೆ ತಿರುಗಿದೆವೋ ಬಲಕ್ಕೋ ಎಂಬುದನ್ನೂ ಬರೆಯಲಾರೆ. ನಿನ್ನ ಪುಸ್ತಕದಲ್ಲಿ ಆ ಪುಟವನ್ನು ಖಾಲಿ ಬಿಡು, ಇಲ್ಲಿಯವರು ಓದಿದರೆ ಮೆಚ್ಚುತ್ತಾರೆ. "ಹೆಡ್ವಿಗ್ ಬಂದ್ರೆ ಅವಳಿಗೆ ಈ ಜಾಗ ತೋರಿಸಬಹುದಾ?" ಎಂದು ಹಿಲ್ಡಿಂಗ್‌ನನ್ನು ಕೇಳಿದೆ. ಅವನು ಬಹಳ ಹೊತ್ತು ಆಕಾಶ ನೋಡಿದ. ಉಸಿರು ಎಳೆದುಕೊಳ್ಳಲಿಲ್ಲ. ಅದಕ್ಕೇ ಒಂದು ಬಾಟಲಿ ಜಾಮ್ ಕಳಿಸುತ್ತಿದ್ದೇನೆ. ಬೀಜ ಹಲ್ಲಿಗೆ ಸಿಕ್ಕಿದರೆ ಬಯ್ಯಬೇಡ.

ನಿನ್ನ ಎರಡನೆಯ ಪ್ರಶ್ನೆಯನ್ನೂ ಅವನಿಗೆ ಹೇಳಿದೆ. ಇವತ್ತು ಬೆಳಿಗ್ಗೆ ಬಸ್ಸು ತೊಳೆಯುತ್ತಿದ್ದೆವು. ಕ್ರಿಸ್‌ಮಸ್‌ಗೆ ನಾನು ಲುಂಡ್‌ಗೆ ಹೋಗಬೇಕು, ಅಲ್ಲಿ ನನಗಾಗಿ ಒಂದು ಹಳದಿ ಕೋಣೆ ಇದೆ, ಅದರೊಡತಿ ನನಗೆ ತಾಯಿಯಷ್ಟೇ ಬೇಕಾದವಳು ಎಂದೆ. ಅವನು ಬಟ್ಟೆ ಹಿಂಡುತ್ತಾ, ನನ್ನ ಕಡೆ ನೋಡದೆ ಕೇಳಿದ.

"ಹೋಗಿ ವಾಪಸ್ ಬರ್ತೀಯಾ?"

ನಾನು ಉತ್ತರ ಯೋಚಿಸಲೂ ಇಲ್ಲ. ಉಸಿರು ತಾನಾಗಿಯೇ ಒಳಗೆ ಹೋಯಿತು. ಅವನು ತಲೆಯಾಡಿಸಿ ಇನ್ನೊಂದು ಬಕೆಟ್ ನೀರು ತರಲು ಹೋದ.

ನಿನ್ನ
ನೇಲಿದಾ